ಸೂರಿನ ಮೇಲೆ

ಊರ ಹೆಸರೇ ಸೂರ್.
ಮೊದಲ ಸಲ ಬಸ್ಸಿಳಿದು ಬೋರ್ಡು ಓದಿ ನಕ್ಕಿದ್ದೆ,
ಗಂಗೊಳ್ಳಿಯಲ್ಲಿ ಇಲ್ಲದ್ದು ಒಮಾನಿನಲ್ಲಿ ಸಿಕ್ಕಿತು ಅಂತ.
ಹತ್ತೊಂಬತ್ತು ವರ್ಷ ಇಲ್ಲಿಯ ಸೂರುಗಳ ಮೇಲೇ ದುಡಿದೆ,
ಒಳಗಿನ ಜಮಖಾನ ಮೆಟ್ಟಿದ್ದು ಕಮ್ಮಿ.

ಕೆಲಸ ಇಷ್ಟೇ:
ಅಲ್ಯುಮಿನಿಯಮ್ಮಿನ ಮೀನುಮುಳ್ಳನ್ನು ಗಾಳಿಗೆ ಹಿಡಿದು
ಎಡಕ್ಕೆ ಒಂದೆಳೆ, ಬಲಕ್ಕೆ ಅರ್ಧ ಎಳೆ.
ಕೆಳಗೆ ಕಿಟಕಿಗೆ ಬಾಯಿಟ್ಟು ಮಗುವೊಂದು ಕೂಗುತ್ತದೆ
ಜಾ! ಬಂತು!
ರಾಹ್! ಹೋಯ್ತು!
ಬಂದದ್ದು ಹೋದದ್ದು ಎರಡರ ನಡುವೆ
ಮಣಿಕಟ್ಟಿಗೆ ಮಾತ್ರ ತಿಳಿಯುವ ಒಂದು ಜಾಗ.
ಅದಕ್ಕೆ ನನಗೆ ಸಂಬಳ.

ಪರದೆ ತುಂಬ ಹರಿದಾಡುವುದಕ್ಕೆ ನಾವು ಇರುವೆ ಅನ್ನುತ್ತಿದ್ದೆವು.
ಅಂಗಡಿಯ ಖಲ್ಫಾನ್ ಹಿಮ ಅನ್ನುವನು,
ಫ್ರೀಜರಿನ ಹೊರಗೆಲ್ಲೂ ಹಿಮ ಕಾಣದವನು.
ಐಜಾದ ಮೌಝಾ ಅಜ್ಜಿಗೆ ಅದು ರಮ್ಲ್. ಮರಳು.
ನಮ್ಮಲ್ಲಿ ಆ ಮಾತಿಗೆ ತಿರುಗಿ ಬಾ ಅಂತಲೂ ಅರ್ಥವಿದೆ,
ಹೇಳಲು ನನ್ನ ಅರಬಿ ಸಾಲಲಿಲ್ಲ.

ಆಗಸ್ಟಿನ ಕೆಲವು ರಾತ್ರಿ
ಗಾಳಿ ಸತ್ತು, ಅಂಗಿ ಬೆನ್ನಿಗಂಟಿ,
ತೇವ ಕಡಲ ಮೇಲೆ ಕಂಬಳಿಯಂತೆ ಮಲಗಿದಾಗ
ಆಚೆ ದಡದ ಯಾವುದೋ ಗೋಪುರದಿಂದ ತಪ್ಪಿಸಿಕೊಂಡ ಚಿತ್ರ
ಅವಳ ಟೀವಿಗೆ ಬಂದುಬಿಡುತ್ತಿತ್ತು.
ಪಾಸ್‌ಪೋರ್ಟಿಲ್ಲ, ಸುಂಕವಿಲ್ಲ.
ತಲೆಯಿಲ್ಲದ ಒಂದು ಸೀರೆ. ಕುಕ್ಕರಿನ ಜಾಹೀರಾತು.
ಟ್ರ್ಯಾಕ್ಟರಿನ ಪಕ್ಕ ನಿಂತು ಗೊಬ್ಬರದ ಬಗ್ಗೆ ಹೇಳುವ ಗಂಡಸು,
ಅವನ ಬೆನ್ನಿಗೇ ಮಸುಕಾಗಿ ಇನ್ನೊಬ್ಬ ಅವನೇ.
ಅಜ್ಜಿ ಮೊಮ್ಮಗನಿಂದ ಫೋನು ಮಾಡಿಸುವಳು:
ಬೇಗ ಬಾ, ಹಿಂದ್ ಬಂದಿದೆ.
ಸೈಕಲ್ಲು ತುಳಿದು ಹೋಗುವಷ್ಟರಲ್ಲಿ ಅರ್ಧ ಸಲ ಹೋಗಿರುತ್ತಿತ್ತು.
ಇನ್ನರ್ಧ ಸಲ ಖಾವಾ ಹೀರುತ್ತ ಕೂತು
ಇಬ್ಬರಿಗೂ ಅರ್ಥವಾಗದ ಗುಜರಾತಿ ವಾರ್ತೆ ನೋಡಿದೆವು.

ಅವಳ ಗಂಡ ಮಂಗಳೂರಿಂದ ಹೆಂಚು ತರುತ್ತಿದ್ದ ನಖೋದ.
ಕೊನೆಗೆ ಯಾವ ಬಂದರು ಬಿಟ್ಟ, ಯಾವುದನ್ನು ಮುಟ್ಟಲಿಲ್ಲ,
ಆ ಮಾತನ್ನು ಮನೆಯಲ್ಲಿ ಯಾರೂ ಎತ್ತುವುದಿಲ್ಲ.
ಗಾಜಿಗೆ ಮೂಗು ತಾಗುವಷ್ಟು ಹತ್ತಿರ ಕೂತು
ಆ ಮರಳಲ್ಲಿ ಏನು ಜರಡಿ ಹಿಡಿಯುತ್ತಿದ್ದಳೋ.

ಆಮೇಲೆ ಸರಕಾರದ ಕಾಗದ ಬಂತು.
ಇಂಥ ತಾರೀಕು, ರಾತ್ರಿ ಹನ್ನೆರಡಕ್ಕೆ ಹಳೆಯದು ಬಂದ್.
ನಾನೂ ಶಿರೂರಿನ ಮುಖ್ತಾರನೂ
ಹನ್ನೊಂದು ದಿನದಲ್ಲಿ ಇನ್ನೂರ ಹದಿನಾಲ್ಕು ಡಬ್ಬಿ ಕೂಡಿಸಿದೆವು.
ಡಬ್ಬಿ ತಾನೇ ಹುಡುಕುತ್ತದೆ. ಹಸಿರು ಪಟ್ಟಿ ತುಂಬುತ್ತದೆ. ಮುಗಿಯಿತು.
ಚಿತ್ರ ಬಂದರೆ ವಾರ್ತೆಯವನ ಗಡ್ಡದ ಕೂದಲು ಎಣಿಸಬಹುದು.
ಬರದಿದ್ದರೆ ನೀಲಿ,
ನೀಲಿಯ ನಡುವೆ ಒಂದು ಸಾಲು: ಸಿಗ್ನಲ್ ಇಲ್ಲ.

ಒಂದು ಇಲ್ಲವೇ ಸೊನ್ನೆ ಅಷ್ಟೇ,
ಡಿಪ್ಲೊಮಾ ಓದಿದ ಮುಖ್ತಾರ್ ಬಿಡಿಸಿ ಹೇಳಿದ.
ಮುಕ್ಕಾಲು?
ಇಲ್ಲ.
ಅರೆಕಾಲು? ಹೋಗಲಿ, ಒಂದು ವೀಸ?
ನಮಗೆ ಗೊತ್ತಿರೋ ವೀಸಾ ಒಂದೇ ಮಾರಾಯಾ, ಅಂದು ನಕ್ಕ,
ನಗು ಮುಗಿದ ಮೇಲೆ ವೈರು ಸುತ್ತತೊಡಗಿದ.

ಅಜ್ಜಿ ಡಬ್ಬಿಗೆ ದುಡ್ಡು ಕೊಟ್ಟಳು, ಮೇಲೆ ಒಂದು ಹಿಡಿ ಖರ್ಜೂರ.
ಡಬ್ಬಿಯನ್ನು ಕಪಾಟಿನಲ್ಲಿ, ಒಗೆದ ಚಾದರದ ಕೆಳಗಿಟ್ಟಳು.
ಹಳೇ ಟೀವಿ ಇರಲಿ. ಮೇಲಿನ ಮುಳ್ಳೂ ಇರಲಿ.
ಆಚೆ ದಡದಲ್ಲೂ ಗೋಪುರಗಳನ್ನು ಒಂದೊಂದೇ ಆರಿಸುತ್ತಿದ್ದಾರಂತೆ.
ನಾನು ಅವಳಿಗೆ ಹೇಳಿಲ್ಲ.

ಈ ಆಗಸ್ಟಿನಲ್ಲಿ ಫೋನು ಬಂತು.
ಮೊಮ್ಮಗನಲ್ಲ, ಅವಳದೇ ದನಿ: ಜಾ.
ಹೋಗಿ ನೋಡಿದರೆ ಗಾಜಿನ ತುಂಬ ಮರಳು,
ಎಳ್ಳು ಹುರಿದ ಹಾಗೆ ಸದ್ದು.
ಅವಳು ತಿರುಗಿ ನೋಡಲಿಲ್ಲ, ಕೈಯಿಂದ ಸೂರು ತೋರಿಸಿದಳು.

ಏಣಿ ಹತ್ತಿದೆ.
ಉಪ್ಪು ಹಿಡಿದ ಕೊಳವೆ ಮೊದಲು ಕದಲಲಿಲ್ಲ.
ಎಡಕ್ಕೆ ಒಂದೆಳೆ.
ಕೆಳಗಿನಿಂದ ಯಾರೂ ಕೂಗಲಿಲ್ಲ.
ಬಲಕ್ಕೆ ಅರ್ಧ ಎಳೆ ತಿರುಗಿಸಿ
ಹಾಗೇ ಹಿಡಿದು ನಿಂತೆ.