ಇನ್ನೊಂದು ಪಾದ

ನಾರಿನ್ ಆಸ್ಪತ್ರೆಗೆ ಚೋರೋಬೆಕ್‌ನನ್ನು ತಂದದ್ದು
ಕುರಿ ಸಾಗಿಸುವ ಲಾರಿಯಲ್ಲಿ.
ಉಲಾಕ್ ಆಟ. ಎರಡು ಕುದುರೆಗಳ ಪಕ್ಕೆ ನಡುವೆ ಸಿಕ್ಕು
ಮೈ ತಿರುಗಿತು,
ರಿಕಾಪಿನಲ್ಲಿದ್ದ ಕಾಲು ತಿರುಗಲಿಲ್ಲ.

ಮಂಡಿ ಹಿಂದಕ್ಕೆ ಕಳಚಿತ್ತಂತೆ.
ಮಾವ ಹುಲ್ಲಿನ ಮೇಲೇ ಎಳೆದು ಕೂರಿಸಿದನಂತೆ.
ನಾನು ನೋಡುವಾಗ ಅದು
ಕಣ್ಣು ಮುಚ್ಚಿ ಹಾಲು ಕುಡಿದ ಬೆಕ್ಕು:
ತುಸು ಊತ, ಆಕಾರ ನೆಟ್ಟಗೆ.
"ಪಟ್ಟಿ ಕಟ್ಟಿ ಕಳಿಸು ಬುರುಲ್, ಲಾರಿ ಬಾಡಿಗೆಯದು"
ಎಂದ ಮಾವ.

ಕಾಲುಚೀಲ ಕಳಚಿದೆ.
ಪಾದ ತಣ್ಣಗಿತ್ತು.
ಅಕ್ಟೋಬರಿನಲ್ಲಿ ಇಲ್ಲಿ ಯಾರ ಪಾದ ತಣ್ಣಗಿಲ್ಲ?
ಅದಕ್ಕೇ ಇನ್ನೊಂದನ್ನೂ ಮುಟ್ಟಿದೆ.
ಇನ್ನೊಂದು ಬೆಚ್ಚಗಿತ್ತು.

ಮಂಡಿಯ ಹಿಂದಿನ ಗುಳಿಯಲ್ಲಿ ಒಂದು ಧಮನಿ,
ಮೇಲೊಂದು ಗೂಟಕ್ಕೆ ಕೆಳಗೊಂದು ಗೂಟಕ್ಕೆ ಬಿಗಿದ ಹಗ್ಗ.
ಮೂಳೆ ಜಾರಿದಾಗ ಸರಿದು ನಿಲ್ಲಲು ಅದಕ್ಕೆ ಜಾಗವಿಲ್ಲ.
ಹೊರಗೆ ಏನೂ ಹರಿಯುವುದಿಲ್ಲ ಕೆಲವೊಮ್ಮೆ,
ಒಳಪದರ ಸೀಳಿ, ಮಡಚಿ,
ತನ್ನ ದಾರಿಗೆ ತಾನೇ ಅಡ್ಡ ಮಲಗುತ್ತದೆ.

ಬಿದ್ದು ಮೂರು ಗಂಟೆಯಾಗಿತ್ತು.
ಆರು ದಾಟಿದರೆ ಮಾಂಸ ಸಾಯತೊಡಗುತ್ತದೆ.
ಬಿಷ್ಕೆಕ್‌ಗೆ ಐದು,
ದೊಲೋನ್ ಕಣಿವೆಯಲ್ಲಿ ಹಿಮ ಬೀಳದಿದ್ದರೆ.
ಈ ಲೆಕ್ಕ ನನ್ನ ಎಂಟು ವರ್ಷದ ಮಗಳಿಗೂ ಬರುತ್ತದೆ.

ತಲಾಂತ್ ಓಸ್ಮೋನೋವಿಚ್ ಧಮನಿ ಹೊಲಿದು ಹನ್ನೊಂದು ವರ್ಷ.
ಇಲ್ಲಿ ಅವರ ಪಾಲಿಗೆ ಬರುವುದು
ಹರ್ನಿಯಾ, ಅಪೆಂಡಿಕ್ಸ್, ನಾಯಿ ಕಚ್ಚಿದ್ದು.
ಫೋನನ್ನು ಔಷಧಿ ಡಬ್ಬಕ್ಕೆ ಒರಗಿಸಿ
ಬಿಷ್ಕೆಕ್‌ನ ಒಬ್ಬ ಹೆಂಗಸಿನ ದನಿಗೆ ಕಿವಿಗೊಟ್ಟರು.
ಆಕೆ ಊಟದ ನಡುವೆ ಎದ್ದಿರಬೇಕು, ಹಿಂದೆ ತಟ್ಟೆಯ ಸದ್ದು.

ಒಳ್ಳೆಯ ಕಾಲಿನಿಂದ ಅಂಗೈಯುದ್ದ ಅಭಿಧಮನಿ ತೆಗೆದೆವು.
"ತಿರುಗಿಸಿ ಹೊಲಿಯಿರಿ" ಎಂದಿತು ಫೋನು.
ಅದರೊಳಗಿನ ಪುಟ್ಟ ಕದಗಳು
ಎದೆಯ ಕಡೆಗಷ್ಟೇ ತೆರೆಯುತ್ತವೆ.
ಊರಿಗೆ ಮರಳುವ ದಾರಿಯನ್ನು ತಲೆಕೆಳಗು ಮಾಡಿ
ಹೊರಡುವ ದಾರಿ ಮಾಡಿದರು.

ಮೊದಲೇ ತೊಡೆಗೆರಡು, ಕಣಕಾಲಿಗೆರಡು ಸರಳು ತಿರುಪಿ
ಹೊರಗಿನಿಂದ ಕಬ್ಬಿಣದ ಅಡ್ಡೆ ಬಿಗಿದಿದ್ದೆವು.
ಮೀನಖಂಡವನ್ನು ಎರಡೂ ಬದಿ ಸೀಳಿ
ಹೊಲಿಯದೆ ಬಿಟ್ಟೆವು:
ನೆತ್ತರು ಮರಳಿದ ಮಾಂಸ ಉಬ್ಬುತ್ತದೆ,
ಮುಚ್ಚಿದರೆ ತನ್ನನ್ನೇ ಹಿಸುಕಿಕೊಳ್ಳುತ್ತದೆ.
ಮಾವ ಅದನ್ನು ನೋಡಿ ಹೊರಗೆ ಹೋಗಿ ವಾಂತಿ ಮಾಡಿದ.
ಒಳಗೆ ಬಂದವನು ಬಾಡಿಗೆಯ ಮಾತೆತ್ತಲಿಲ್ಲ.

ಎರಡು ಬೆರಳು. ಏನಿಲ್ಲ. ಏನಿಲ್ಲ.
ಆಮೇಲೆ ಇದೆ ಅನ್ನಿಸಿತು.
ನನ್ನದೇ ಬೆರಳಿನ ಬಡಿತವೇ ಇದು?
ನನ್ನ ಕೊರಳು ಮುಟ್ಟಿ ನೋಡಿಕೊಂಡೆ: ಅಲ್ಲ,
ನನ್ನದು ಓಡುತ್ತಿತ್ತು, ಇದು ನಡೆಯುತ್ತಿತ್ತು.
ಸಿಕ್ಕ ಜಾಗದಲ್ಲಿ ನೀಲಿ ಪೆನ್ನಿನಿಂದ ಕತ್ತರಿ ಗುರುತು ಹಾಕಿದೆ.
ಗಂಟೆಗೊಮ್ಮೆ, ಬೆಳಗಾಗುವ ತನಕ, ಅದೇ ಜಾಗ.

ಹರಿದ ಮೂರು ಕಟ್ಟುಗಳನ್ನು ಬಿಷ್ಕೆಕ್‌ನಲ್ಲಿ ಕಟ್ಟಿದರು,
ಗಾಯ ಮಾಗಿದ ಮೇಲೆ, ಮೂಳೆಯಲ್ಲಿ ಸುರಂಗ ಕೊರೆದು,
ಅವನದೇ ತೊಡೆಯ ನಾರು ಪೋಣಿಸಿ.
ನರ ಮಾತ್ರ ಯಾರ ಮಾತೂ ಕೇಳಲಿಲ್ಲ.
ಪಾದ ಮೇಲಕ್ಕೇಳುವುದಿಲ್ಲ,
ಬೂಟಿನೊಳಗೆ ಪ್ಲಾಸ್ಟಿಕ್ಕಿನ ಪಟ್ಟಿ ಎತ್ತಿ ಹಿಡಿಯುತ್ತದೆ.

ಮೇ ತಿಂಗಳಲ್ಲಿ ಸಂತೆಯಲ್ಲಿ ಸಿಕ್ಕ.
ಇನ್ನು ಆಟಕ್ಕಿಲ್ಲ, ಕುದುರೆ ಮಾರಿದೆ ಎಂದ,
ಬೆಲೆಯನ್ನೂ ಹೇಳಿದ, ಕಡಿಮೆಯೇ.
ನಾನು ಕೇಳುವ ಮೊದಲೇ
ಮೂಟೆಯ ಮೇಲೆ ಕೂತು ಬೂಟು ಬಿಚ್ಚಿದ.
ಬಗ್ಗಿ ಬೆರಳಿಟ್ಟೆ.
"ಇನ್ನೊಂದನ್ನೂ ಮುಟ್ಟಿ ನೋಡು" ಎಂದ,
ಅಷ್ಟು ನೆನಪಿತ್ತು ಅವನಿಗೆ.
ಆಲೂಗಡ್ಡೆಯವಳು ಚಿಲ್ಲರೆ ಹಿಡಿದು
ನನಗಾಗಿ ಕಾಯುತ್ತಿದ್ದಳು.