ಸೊನ್ನೆ ನೋಡಿ

ದಿನಕ್ಕೆ ಮುನ್ನೂರು ಸಲ ಹೇಳುತ್ತೇನೆ: ಸೊನ್ನೆ ನೋಡಿ ಸಾರ್.
ಯಾರೂ ನೋಡುವುದಿಲ್ಲ. ಫೋನು ನೋಡುತ್ತಾರೆ,
ಹೆಂಗಸು ಪೈಪು ಹಿಡಿದಳಲ್ಲ ಎಂದು ನನ್ನ ಕೈ ನೋಡುತ್ತಾರೆ.

ಹುಲಿಕಲ್ ಘಾಟಿ ಹತ್ತಿ ಹಸನಬ್ಬನ ಟ್ಯಾಂಕರು
ರಿಪ್ಪನ್‌ಪೇಟೆಗೆ ಬರುವಾಗ ಇನ್ನೂ ಕತ್ತಲು.
ತುಂಬಿಸುವ ಮೊದಲು ಅಳತೆಕೋಲು ಇಳಿಸಿ, ಎತ್ತಿ,
ಟಾರ್ಚಿನ ಬೆಳಕಿಗೆ ಹಿಡಿದೆವು.
ರಾತ್ರಿ ಬೀಗ ಹಾಕಿದಾಗ ಇದ್ದದ್ದಕ್ಕಿಂತ ಎರಡು ಬೆರಳು ಕಮ್ಮಿ.
ಆವಿ, ಅಂದರು ಶೇಟರು.
ಆಷಾಢದಲ್ಲಿ ಆವಿ!

ಆವಿ ಎಲ್ಲಿಗೆ ಹೋಯಿತೆಂದು ನನಗೆ ಗೊತ್ತು.
ಬಂಕಿನ ಹಿಂದೆ, ಇಳಿಜಾರಿಗೆ, ನಮ್ಮ ಬಾವಿ.
ಕೊಡ ಎತ್ತಿದರೆ ನೀರ ಮೇಲೆ ನವಿಲು.
ಪಕ್ಕದ ಮನೆ ದ್ಯಾವಮ್ಮ ಅಕ್ಕಿ ತೊಳೆದು,
ಮೂಸಿ, ಅಕ್ಕಿ ಸಮೇತ ಹಿತ್ತಲಿಗೆ ಚೆಲ್ಲಿದಳು;
ಕೋಳಿಗಳು ಒಮ್ಮೆ ಕುಕ್ಕಿ, ಕೊಕ್ಕು ಒರೆಸಿಕೊಂಡವು.

ಶಿವಮೊಗ್ಗದಿಂದ ಇಬ್ಬರು ಬಂದು ಬಾಟಲಿಗೆ ನೀರು ತುಂಬಿ
ಚೀಟಿ ಅಂಟಿಸಿ,
ಜೀಪಿಗೆ ಡೀಸೆಲ್ ಹಾಕಿಸಿಕೊಂಡು ಹೋದರು.
ಹಾಕಿದವಳು ನಾನೇ.

ಕೋಲಿನ ಲೆಕ್ಕ ಹೇಳಿಬಿಡು ಅನ್ನುತ್ತಾಳೆ ದ್ಯಾವಮ್ಮ.
ಹೇಳಬಹುದು. ಆದರೆ ಅವಳ ಗಂಡನ ಟಿಲ್ಲರು,
ಮೊಮ್ಮಗನನ್ನು ಮಣಿಪಾಲಕ್ಕೆ ಮುಟ್ಟಿಸಿದ ಆಂಬುಲೆನ್ಸು,
ನನ್ನ ಹನ್ನೊಂದು ಸಾವಿರ, ಮಗಳ ಐಟಿಐ ಫೀಸು,
ಎಲ್ಲ ಇದೇ ಪೈಪಿನ ಬಾಯಿಂದ ಬಂದದ್ದು.
ಅವಳಿಗೂ ಗೊತ್ತು. ಎರಡನೇ ಸಲ ಹೇಳಲಿಲ್ಲ.

ಈಗ ಶೇಟರೇ ದಿನಾ ಎರಡು ಕ್ಯಾನು ನೀರು ಕಳಿಸುತ್ತಾರೆ.
ಯಾರ ಲೆಕ್ಕಕ್ಕೆ ಅಂತ ನಾವು ಕೇಳಿಲ್ಲ.

ಬೆಳಿಗ್ಗೆ ಹಲ್ಲುಜ್ಜುತ್ತಾ ಬಾವಿಕಟ್ಟೆಗೆ ಬಗ್ಗಿದಾಗ
ಬಾಯಿಗೆ ಅದೇ ರೂಢಿ: ಸೊನ್ನೆ ನೋಡಿ.
ಬಣ್ಣಬಣ್ಣದ ನೀರಲ್ಲಿ ಒಬ್ಬಳು
ಕಣ್ಣು ಕೀಳದೆ ನೋಡುತ್ತಾಳೆ.