ಜಿಪುಣ ಭಾಷೆ

ಮಿಸಿಸಿಪ್ಪಿ ದಡದಲ್ಲಿ ವರ್ಲಾ ಓಟ್ಕೆನ್
ಚಿಪ್ಪು ಹೆಕ್ಕುತ್ತಾಳೆ, ಭಾನುವಾರ, ಚರ್ಚು ಮುಗಿಸಿ.
ಒಂದೊಂದರಲ್ಲೂ ನಾಕೈದು ದುಂಡು ತೂತು:
ಅವಳಜ್ಜ ಕಾರ್ಖಾನೆಯಲ್ಲಿ
ಅಂಗಿಗುಂಡಿ ಕೊರೆದುಕೊಂಡು ಎಸೆದದ್ದು.

ಮನೆಯಲ್ಲಿ ಬಿಸ್ಕತ್ತಿನ ಡಬ್ಬಿ ತುಂಬ ಗುಂಡಿ.
ಒಂದೊಂದನ್ನೇ ತೂತಿಗಿಟ್ಟು ನೋಡುತ್ತಾಳೆ,
ಕೂರದಿದ್ದರೆ ಇನ್ನೊಂದು.
ಇಪ್ಪತ್ತು ವರ್ಷಕ್ಕೆ ಎರಡು ಕೂತಿವೆಯಂತೆ.
ಒಂದರ ಬಗ್ಗೆ ಅವಳಿಗೇ ಅನುಮಾನ.

ನಾನೆಂದೆ: ನಮ್ಮಲ್ಲಿ ಅಂಗಿಯದೂ ಗುಂಡಿ,
ನೆಲ ತೋಡಿದರೂ ಗುಂಡಿ.
ಹೋದದ್ದಕ್ಕೂ ಉಳಿದದ್ದಕ್ಕೂ ಒಂದೇ ಹೆಸರು.
‘ಜಿಪುಣ ಭಾಷೆ’ ಅಂತ ನಕ್ಕಳು.

ಆಮೇಲೆ ಗುಂಡಿಗೆ ದಾರ ಪೋಣಿಸಿ
ಕೋಟಿನ ಎದೆಗೆ ಹೊಲಿಯುತ್ತ ಕೇಳಿದಳು:
‘ಇದರ ಹಿಂದೆ ಬಡಕೊಳ್ಳುತ್ತಲ್ಲ,
ಅದಕ್ಕಾದರೂ ಬೇರೆ ಪದವಿದೆಯೋ?’

ದಾರ ಕಚ್ಚಿ ಕತ್ತರಿಸಿಕೊಟ್ಟೆ.
ಹೇಳಲಿಲ್ಲ.